ಬಿಸಿಯಾದ ಅತ್ತೆ

ಊಟದ ಮೇಜಿನ ಒಂದು ತುದಿಯಲ್ಲಿ ಸೊಸೆಯ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಅತ್ತೆಯ ಹೊಲಿಗೆ. ಸೊಸೆಗೆ ಆಟಿಕೆ ರೈಲು ತಯಾರಿಸುವ ಕಂಪನಿಯಲ್ಲಿ ಸರ್ಕ್ಯೂಟ್ ವಿನ್ಯಾಸದ ಕೆಲಸ. ರೈಲು ಎಲ್ಲಾದರೂ ಸಿಕ್ಕಿಕೊಂಡು ಮೋಟಾರಿಗೆ ಕರೆಂಟ್ ಹೆಚ್ಚು ಹರಿದರೆ, ಬಿಸಿಯಾಗಿ ಅದನ್ನು ತಡೆದು, ತಣ್ಣಗಾದ ಮೇಲೆ ತಾನೇ ದಾರಿ ಬಿಡುವ ಫ್ಯೂಸೊಂದು ಬೇಕಾಗಿತ್ತು. ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಾಫ್ಟ್‌ವೇರಿನಲ್ಲಿ ಅಂಥ ಬಿಡಿಭಾಗ ಇರಲಿಲ್ಲ. ಸರಿ, ತಾನೇ ಕಟ್ಟಲು ಕೂತಳು. ಪರದೆಯ ಮೇಲೆ ಚೌಕ ಬರೆದು, ಕರೆಂಟ್ ಬಂದುಹೋಗಲು ಎರಡು ಕಾಲು ಜೋಡಿಸಿ, ಎಷ್ಟು ಕರೆಂಟಿಗೆ ಎಷ್ಟು ಬಿಸಿಯಾಗಬೇಕೆಂಬ ಲೆಕ್ಕ ತುಂಬಿದಳು. ಕೊನೆಗೆ ಸಾಫ್ಟ್‌ವೇರ್ ಆ ಬಿಡಿಭಾಗಕ್ಕೊಂದು ಹೆಸರು ಕೇಳಿತು. ಆ ಬೆಳಿಗ್ಗೆಯಷ್ಟೇ ಒಗೆದ ಬಟ್ಟೆ ಮಡಚುವ ವಿಷಯಕ್ಕೆ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತು. ತುಂಟತನ ತಡೆಯಲಾರದೆ ‘ಅತ್ತೆ’ ಎಂದು ಟೈಪ್ ಮಾಡಿ, ಪರೀಕ್ಷಿಸಲು ಮೇಲಧಿಕಾರಿಗೆ ಕಳಿಸಿಯೇಬಿಟ್ಟಳು.

ಮಧ್ಯಾಹ್ನ ಮೇಲಧಿಕಾರಿಯ ಫೋನ್ ಬಂತು. ತಂತಿಗೆ ಬೆಸುಗೆ ಹಾಕುತ್ತಿದ್ದ ಕೈಗೆ ಬಿಡುವಿಲ್ಲವೆಂದು ಸೊಸೆ ಸ್ಪೀಕರಿಗೆ ಹಾಕಿದ್ದೇ ತಪ್ಪಾಯಿತು.

“ಮೇಡಂ, ನಿಮ್ಮ ಅತ್ತೇದೇ ಸಮಸ್ಯೆ. ಒಂದ್ಸಲ ಬಿಸಿಯಾದ್ರೆ ತಣ್ಣಗಾಗೋದೇ ಇಲ್ಲ. ಸ್ವಲ್ಪ ಸರಿ ಮಾಡ್ಕೊಡಿ.”

ಹೊಲಿಯುತ್ತಿದ್ದ ಸೂಜಿ ಅಲ್ಲೇ ನಿಂತಿತು. ಸೊಸೆ ಫೋನಿಟ್ಟು, ನಡೆದದ್ದೆಲ್ಲವನ್ನೂ ತಡವರಿಸುತ್ತ ಒಪ್ಪಿಕೊಂಡಳು. ಅತ್ತೆ ಕನ್ನಡಕ ಏರಿಸಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತರು. ತಮ್ಮ ಹೆಸರು ಹೊತ್ತ ಆ ಚೌಕದ ಕೆಲಸವೇನೆಂದು ಕೆದಕಿ ಕೆದಕಿ ಕೇಳಿದರು. ಅದಿಲ್ಲದಿದ್ದರೆ ಮೋಟಾರೇ ಸುಟ್ಟುಹೋಗುತ್ತದೆಂದು ತಿಳಿದಾಗ ಮುಖದ ಬಿಗಿ ತುಸು ಸಡಿಲಿತು.

ಸೊಸೆ ಲೆಕ್ಕವನ್ನು ಸಾಲು ಸಾಲಾಗಿ ತಿರುಗಿ ನೋಡಿದಾಗ ತಪ್ಪು ಸಿಕ್ಕಿತು. ತಣ್ಣಗಾಗುವ ಅವಧಿಯನ್ನು ಸೆಕೆಂಡುಗಳ ಬದಲು ಗಂಟೆಗಳಲ್ಲಿ ಕೊಟ್ಟಿದ್ದಳು.

“ನಾನೇನು ಗಂಟೆಗಟ್ಟಲೆ ಸಿಟ್ಟಿಟ್ಕೊಂಡು ಕೂರ್ತೀನಾ?” ಎಂದರು ಅತ್ತೆ.

“ಇಲ್ಲ ಅತ್ತೆ, ತಪ್ಪು ನಂದೇ.”

ತಿದ್ದಿ ಮತ್ತೆ ಓಡಿಸಿದಳು. ಪರದೆಯ ಮೇಲೆ ಬಿಸಿಯ ಗೆರೆ ಸರ್ರನೆ ಏರಿತು, ತುಸು ನಿಂತಿತು, ಮೆಲ್ಲಗೆ ಇಳಿದು ತನ್ನ ಜಾಗಕ್ಕೆ ಬಂತು. ಇನ್ನೊಂದ್ಸಲ ಓಡಿಸು ಎಂದರು ಅತ್ತೆ. ಆಮೇಲೆ ಮತ್ತೊಂದ್ಸಲ.

ಸೊಸೆ ಹೆಸರು ಬದಲಿಸಲು ಹೊರಟಾಗ ಅವಳ ಕೈ ಹಿಡಿದು ತಡೆದರು. “ಇರ್ಲಿ ಬಿಡು. ಆದ್ರೆ ನನ್ನ ಮಗನ ಹೆಸರಲ್ಲೂ ಒಂದು ಮಾಡು. ಎಷ್ಟೇ ಕರೆಂಟ್ ಕೊಟ್ರೂ ಅದು ಕೂತ ಜಾಗ ಬಿಟ್ಟು ಅಲ್ಲಾಡಬಾರ್ದು.”

ಸಂಜೆ ಮಗ ಮನೆಗೆ ಬಂದು ಸೋಫಾದ ಮೇಲೆ ಕಾಲು ಚಾಚಿದ. ಮೇಜಿನ ಕಡೆಯಿಂದ ಇಬ್ಬರೂ ಒಟ್ಟಿಗೆ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಕೂತ ಜಾಗ ಬಿಟ್ಟೇಳದೆಯೇ ಏನು ವಿಷಯವೆಂದು ವಿಚಾರಿಸಿದ.