ಮೂರನೆಯ ಹಾಡು

ಗುಂಡಿ ಒತ್ತಿದಾಗ ಟೇಪು ಮೊದಲು ಗುರ್ ಎಂದಿತು. ಆಮೇಲೆ ಡ್ರಮ್ಮಿನ ಪೆಟ್ಟು ಬರಬೇಕಿತ್ತು. ಬದಲಿಗೆ ಒಂದು ಮಗು ತೊದಲಿತು: "ಬಿಸ್ಮಿಲ್ಲಾ... ಹಿರ್ರಹ್ಮಾ..." ಯಾರೋ ಹೇಳಿಕೊಟ್ಟರು, ಮಗು ಮುಗಿಸಿತು. ಒಂದು ಕೋಣೆ ತುಂಬ ಜನ "ಮಾಶಾ ಅಲ್ಲಾ" ಎಂದರು.

"ಇಸ್ ದಟ್ ಮೀ?" ಎಂದು ಝೀಶಾನ್ ನಕ್ಕುಬಿಟ್ಟ. ಮರುಕ್ಷಣ ತಾಯಿ ದಿಲ್ಶಾದಳ ಮುಖ ನೋಡಿದ.

ದಿಲ್ಶಾದ್ ಟೇಪನ್ನು ಮುಂದಕ್ಕೆ ಓಡಿಸಿದಳು. ಮಗು ಇತ್ತು. ಇನ್ನೂ ಮುಂದಕ್ಕೆ ಓಡಿಸಿದಳು. ಸೀರ್‌ಖುರ್ಮಾ ಬಡಿಸುವ ಗದ್ದಲ, ತಟ್ಟೆಗಳ ಸದ್ದು. ತಿರುವಿ ಹಾಕಿದರೆ ಆ ಕಡೆ ಮೌಲ್ವಿ ಸಾಹೇಬರ ದುವಾ. ಅವಳ ಹದಿನೇಳು ವರ್ಷದ ದನಿ ಎಲ್ಲಿಯೂ ಇರಲಿಲ್ಲ.

ಆ ದನಿಗಾಗಿಯೇ ರೆಕಾರ್ಡ್ ಕಂಪನಿಯ ಮೋನಿಕ್ ಮ್ಯಾನ್‌ಹ್ಯಾಟನ್‌ನಿಂದ ಟೇಪ್‌ರೆಕಾರ್ಡರ್ ಸಮೇತ ರೈಲು ಹಿಡಿದು ನ್ಯೂಜೆರ್ಸಿಯ ಹ್ಯಾರಿಸನ್ನಿನ ಈ ಅಪಾರ್ಟ್‌ಮೆಂಟಿಗೆ ಬಂದಿದ್ದಳು. ಹಿಪ್‌ಹಾಪ್ ಇನ್ನೂ ನೆಲಮಾಳಿಗೆಗಳಲ್ಲಿ, ಶಾಲೆಯ ಅಂಗಳಗಳಲ್ಲಿ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಬೆಲ್‌ರೋಸ್ ಬಡಾವಣೆಯ ಮೂವರು ಹುಡುಗರು 'ಹಿಲ್‌ಸೈಡ್ ರಾಕರ್ಸ್' ಎಂದು ಹೆಸರಿಟ್ಟುಕೊಂಡು ಎರಡು ಹಾಡು ಹೊರತಂದಿದ್ದರು. ಮೂರನೆಯದರಲ್ಲಿ ಅವರ ಬೀದಿಯ ಕಿರಾಣಿ ಅಂಗಡಿಯವರ ಮಗಳು ದಿಲ್ಶಾದ್ ಕೂಡ ಸೇರಿಕೊಂಡಳು. ತನ್ನ ಸಾಲುಗಳನ್ನು ತಾನೇ ಬರೆದು, ಹಾಡಿನ ಕೊನೆಯಲ್ಲಿ ಆ ಕಾಲದ ಪದ್ಧತಿಯಂತೆ ತನ್ನ ಹೆಸರನ್ನೂ ಸಾರಿದಳು. ಸುದ್ದಿ ಅಪ್ಪನ ಕಿವಿಗೆ ಬಿತ್ತು. "ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ" ಎಂದು ಅವರು ಹುಬ್ಬಳ್ಳಿಗೆ ಫೋನು ಹಚ್ಚಿ ಗಂಡು ಹುಡುಕಿಸಿದರು. ಹಾಡು ಡಿಸ್ಕ್ ಆಗಿ ಹೊರಬರಲೇ ಇಲ್ಲ, ಸ್ಟುಡಿಯೋದ ಟೇಪುಗಳೂ ಕಳೆದುಹೋದವು. ಅವಳ ಪಾಲಿಗೆ ಬಂದಿದ್ದ ಈ ಕ್ಯಾಸೆಟ್ ಒಂದೇ ಉಳಿದಿತ್ತು.

ಈಗ ಕಂಪನಿಯವರು ಆ ಗುಂಪಿನ ಎಲ್ಲ ಹಾಡುಗಳನ್ನೂ ಕೂಡಿಸಿ ತರುತ್ತಿದ್ದರು. ಕ್ಯಾಸೆಟ್ ಸಿಕ್ಕರೆ ಅವಳ ಹೆಸರೂ ಆ ಮೂವರ ಜೊತೆ ಅಚ್ಚಾಗುತ್ತದೆ ಎಂದಿದ್ದರು. ಒಂದು ತಿಂಗಳಿಂದ ದಿಲ್ಶಾದ್ ಸಿಂಕಿನ ಮುಂದೆ ನಿಂತು ಗುನುಗುತ್ತಿದ್ದಳು. ಮದುವೆಯಾದ ಮೇಲೆ ಒಮ್ಮೆಯೂ ಕ್ಯಾಸೆಟ್ಟನ್ನು ಹಾಕಿ ಕೇಳಿರಲಿಲ್ಲ. ಮೊದಲು ಧೈರ್ಯ ಸಾಲಲಿಲ್ಲ, ಆಮೇಲೆ ಮನೆಯಲ್ಲಿ ಟೇಪ್‌ರೆಕಾರ್ಡರೇ ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಇದೆಯಲ್ಲ, ಅಷ್ಟೇ ಸಾಕು ಅನಿಸುತ್ತಿತ್ತು.

"ಸಾಲುಗಳು ನೆನಪಿವೆಯೇ?" ಎಂದು ಮೋನಿಕ್ ಕೇಳಿದಳು.

ದಿಲ್ಶಾದ್ ಶುರುಮಾಡಿದಳು. ಎರಡು ಸಾಲು ಬಂತು. ಮೂರನೆಯದು ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿದಳು, ಅಲ್ಲಿಗೇ ನಿಂತಿತು.

"ಅಮ್ಮಿ, ಇಟ್ಸ್ ಓಕೆ," ಎಂದ ಝೀಶಾನ್.

ಮೋನಿಕ್ ತುಂಬ ನಯವಾಗಿ ಮಾತಾಡಿದಳು. ಅಂದು ರೆಕಾರ್ಡ್ ಆದದ್ದನ್ನು ಮಾತ್ರ ನಾವು ಸೇರಿಸಬಹುದು, ಹಾಡೇ ಇಲ್ಲದ ಮೇಲೆ ಹೆಸರು ಹಾಕುವುದು ಹೇಗೆ, ನಿಮಗೆ ಅರ್ಥವಾಗುತ್ತದೆ ಅಲ್ಲವೇ ಎಂದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಿಲ್ಶಾದಳ ಹೆಸರನ್ನು ತೆಗೆದು ಕೋಟು ಹಾಕಿಕೊಂಡಳು. ಝೀಶಾನ್ ಅವಳನ್ನು ಸ್ಟೇಷನ್ನಿಗೆ ಬಿಡಲು ಹೋದ.

ಇಷ್ಟು ಹೊತ್ತೂ ಅವಳ ಗಂಡ ಪೀರ್ ಅಹ್ಮದ್ ಊಟದ ಮೇಜಿನ ಮುಂದೆ ಕೂತು ಕನ್ನಡಕ ಒರೆಸುತ್ತಿದ್ದ. ಪೀರ್ ಅಹ್ಮದ್ ಕೆಟ್ಟವನಲ್ಲ, ನ್ಯೂಜೆರ್ಸಿಯ ಅರ್ಧ ಜನ ಅದನ್ನು ಹೇಳುತ್ತಾರೆ. ಕೆಟ್ಟವನಲ್ಲದವನ ಜೊತೆ ಜಗಳವಾಡುವುದು ಎಷ್ಟು ಕಷ್ಟವೆಂದು ಅವರಿಗೇನು ಗೊತ್ತು.

"ಝೀಶಾನಂದು ಓದು ಶುರು ಆದ್ ದಿನಾ, ಬಿಸ್ಮಿಲ್ಲಾ ಶಾಸ್ತ್ರಕ್ಕ ಜನಾ ಎಲ್ಲಾ ಬಂದ್ ಕುಂತಿದ್ರು," ಎಂದ ಅವನು. "ಕೈಗೆ ಸಿಕ್ಕಿದ್ ಕ್ಯಾಸೆಟ್ ಹಾಕಿದೆ. ನನಗೇನ್ ಗೊತ್ತು?"

ದಿಲ್ಶಾದ್ ಕ್ಯಾಸೆಟ್ ಹೊರತೆಗೆದು ಅದರ ಬೆನ್ನನ್ನು ಅವನ ಕಡೆ ತಿರುಗಿಸಿದಳು. ಅಲ್ಲಿನ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಅವಳೇ ಉಗುರಿನಿಂದ ಮುರಿದಿದ್ದಳು. ಈಗ ಆ ಎರಡೂ ತೂತುಗಳ ಮೇಲೆ, ಮತ್ತೆ ರೆಕಾರ್ಡ್ ಆಗುವಂತೆ, ಸೆಲ್ಲೋಟೇಪ್ ಇತ್ತು. ಹಳದಿಯಾಗಿತ್ತು, ಅಂಚನ್ನು ನೇರವಾಗಿ ಕತ್ತರಿಸಲಾಗಿತ್ತು.

"ಕೈಗೆ ಸಿಕ್ಕಿದ್ದಕ್ಕ ಕತ್ರಿ ಹುಡುಕಿ ಟೇಪ್ ಹಚ್ಚಾಕ ಪುರ್ಸೊತ್ತಿತ್ತೇನ್ರಿ?"

ಅವನು ಕನ್ನಡಕ ಹಾಕಿಕೊಂಡ. ತೆಗೆದ.

"ನೀವ್ ಇದನ್ನ ಕೇಳಿದ್ರಿ," ಎಂದಳು.

"ಕೇಳಿದ್ದೆ."

"ಎಷ್ಟ್ ಸಲ?"

"ಭಾಳ ಸಲ. ನೀ ಕೆಲಸಕ್ಕ ಹೋದಾಗ." ಕನ್ನಡಕ ಮಡಿಸುತ್ತ ಹೇಳಿದ, "ಭಾಳ ಚೊಲೊ ಹೇಳಿದ್ದಿ. ಆ ಹುಡುಗ್ರ ಜೋಡಿ ನಗತಿದ್ದಿ ಅದ್ರಾಗ. ನನ್ನ ಮುಂದ ಯಾವತ್ತೂ ಹಂಗ ನಕ್ಕಿಲ್ಲ."

ಅವಳು ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟಳು. ತನ್ನ ಹಾಡನ್ನು ಮೆಚ್ಚಿದ ಒಬ್ಬನೇ ಒಬ್ಬ ಕೇಳುಗ ಇಷ್ಟು ವರ್ಷ ಇದೇ ಮನೆಯಲ್ಲಿ ತಾನು ಬಡಿಸಿದ್ದನ್ನು ಉಂಡಿದ್ದ, ಒಂದು ಮಾತು ಆಡಿರಲಿಲ್ಲ. ಅಳಿಸುವುದಕ್ಕೂ ಬಿಸ್ಮಿಲ್ಲಾವನ್ನೇ ಆರಿಸಿಕೊಂಡಿದ್ದ. ದೇವರ ಹೆಸರಿನ ಮೇಲೆ ಅವಳು ಸಿಟ್ಟಾದರೂ ಹೇಗೆ ಮಾಡಿಕೊಂಡಾಳು?

"ಮಿಂಚಿ ಹೋದದ್ದಕ್ಕ ಈಗ ಚಿಂತಿ ಮಾಡಿ ಏನ್ ಬಂತು, ದಿಲ್ಶಾದ್."

"ಮೂರನೇ ಸಾಲು ಏನಿತ್ತು?" ಎಂದಳು ಅವಳು. "ನನಗ ಮರತೈತಿ. ನೀವ ಹೇಳ್ರಿ."

ಹೇಳಲಿಕ್ಕಿಲ್ಲ ಎಂದುಕೊಂಡಿದ್ದಳು. ಪೀರ್ ಅಹ್ಮದ್ ಗಂಟಲು ಸರಿಮಾಡಿಕೊಂಡು ಮೂರನೆಯ ಸಾಲು ಹೇಳಿದ. ಆಮೇಲೆ ನಾಲ್ಕನೆಯದು, ಐದನೆಯದು. ಹುಬ್ಬಳ್ಳಿಯ ಇಂಗ್ಲಿಷಿನಲ್ಲಿ, ಎಲ್ಲಿಯೂ ತಡವರಿಸದೆ, ಅವಳು ಉಸಿರು ಎಳೆದುಕೊಳ್ಳುತ್ತಿದ್ದ ಕಡೆಗಳಲ್ಲೇ ಉಸಿರೆಳೆದುಕೊಳ್ಳುತ್ತ ಕೊನೆಯವರೆಗೂ ಹೇಳಿದ. ಅವಳ ಹೆಸರು ಬರುವ ಜಾಗದಲ್ಲಿ ನಿಲ್ಲಿಸಿದ.

ಮೇಜಿನ ಕೆಳಗೆ ಅವನ ಪಾದ ಇನ್ನೂ ತಾಳ ಹಾಕುತ್ತಿತ್ತು.