ಉಷ್ಣ ಸಂಬಂಧಿ ಘಟನೆ

ನಮ್ಮ ಕಂಪನಿಯ ಕರೆಂಟ್ ಕಂಬಳಿಗಳಲ್ಲಿ ಕೆಲವಕ್ಕೆ ಬೆಂಕಿ ಹತ್ತುತ್ತಿತ್ತು. ಇಷ್ಟು ಹೇಳಲು ನನಗೆ ಒಂದು ಸಾಲು ಸಾಕಾಯಿತು. ನಮ್ಮ ಆಫೀಸಿಗೆ ಒಂದು ವಾರದ ಮೀಟಿಂಗುಗಳೂ ಸಾಲಲಿಲ್ಲ.

ಗಿರಾಕಿಗಳಿಗೆ ಹೋಗುವ ಕಾಗದಗಳನ್ನು ಬರೆಯುವವಳು ನಾನು, ಮಾರ್ಲಿಸ್. ಅಮೆರಿಕದ ಮಿನೆಸೋಟದ ಚಳಿಯಲ್ಲಿ, ಪ್ಲಗ್ ಹಾಕಿದರೆ ಬಿಸಿಯಾಗುವ ಕಂಬಳಿ ಮಾರುವುದೇನೂ ಕಷ್ಟವಲ್ಲ. ನಮ್ಮೂರಿನ ಮುಕ್ಕಾಲು ಪಾಲು ಹಾಸಿಗೆಗಳ ಮೇಲೆ ನಮ್ಮದೇ ಕಂಬಳಿ. "ಕಂಬಳಿಗೆ ಬೆಂಕಿ ಹತ್ತಬಹುದು, ಪ್ಲಗ್ ಕಿತ್ತುಬಿಡಿ" ಎಂದು ಬರೆದು ಮ್ಯಾನೇಜರ್ ಕೆಂಟ್‌ನ ಮೇಜಿನ ಮೇಲಿಟ್ಟೆ. ಕೆಂಟ್ ಕೆಟ್ಟವನಲ್ಲ. ಚಿಕ್ಕವನಿದ್ದಾಗ ಚರ್ಚಿನಲ್ಲಿ ನನ್ನ ಭಾನುವಾರದ ತರಗತಿಗೆ ಬಂದು ತೋಳಿಗೆ ಮೂಗು ಒರೆಸಿಕೊಳ್ಳುತ್ತಿದ್ದ ಹುಡುಗ. ಹಸಿವಾದರೆ ಹಸಿವು ಅನ್ನುತ್ತಿದ್ದ. ಯಾವುದೋ ತರಬೇತಿಗೆ ಹೋಗಿ ಬಂದ ಮೇಲೆ ಅವನ ಬಾಯಿಗೆ ಏನೋ ಆಯಿತು. ತೊಂದರೆಗೆ "ಅವಕಾಶ" ಅನ್ನತೊಡಗಿದ, ಗಿರಾಕಿಯ ಬೈಗುಳಕ್ಕೆ "ಉಡುಗೊರೆ" ಅನ್ನತೊಡಗಿದ. ಕೇಳಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಬೆಂಕಿ ಅನ್ನೋದು ತುಂಬಾ ನೆಗೆಟಿವ್ ಆಯ್ತು, ಮಾರ್ಲಿಸ್," ಅಂದ.

"ಪಾಸಿಟಿವ್ ಆಗಿರೋ ಬೆಂಕಿ ಎಲ್ಲಾದ್ರೂ ಸಿಗುತ್ತೇನಪ್ಪ?"

"ಉಷ್ಣ ಸಂಬಂಧಿ ಘಟನೆ ಅಂತ ಹಾಕೋಣ. ಮೇಲಿನವರು ಒಪ್ಪೋದು ಅದನ್ನೇ."

"ನಮ್ಮೂರ ಅಜ್ಜಿಯರಿಗೆ ಅರ್ಥ ಆಗಬೇಕಲ್ಲೋ?"

"ಅವರ ಜೊತೆ ನಮ್ಮ ಸಂಬಂಧ ಕೆಡಬಾರದು, ಅದು ಮುಖ್ಯ," ಅಂದ.

ಕೊನೆಗೆ ಹೋದ ಕಾಗದ ಹೀಗಿತ್ತು: "ನಮ್ಮ ಹೊದಿಕೆ ಕುಟುಂಬದ ಮೌಲ್ಯಯುತ ಸದಸ್ಯರೇ, ಅತಿ ವಿರಳ ಸಂದರ್ಭಗಳಲ್ಲಿ ಉಷ್ಣ ಸಂಬಂಧಿ ಘಟನೆಯ ಸಾಧ್ಯತೆಯನ್ನು ಗುರುತಿಸಲಾಗಿರುವುದರಿಂದ ತಮ್ಮ ಹೊದಿಕೆಯ ಅನುಭವವನ್ನು ಮರುಪರಿಶೀಲಿಸಲು ಆಹ್ವಾನಿಸುತ್ತೇವೆ." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪ್ಲಗ್ಗಿನ ಮಾತು ಎರಡನೇ ಪುಟದ ಕೆಳಗಿತ್ತು, ಅದರ ಕೆಳಗೆ ಕೆಂಟ್‌ನ ಸಹಿ.

ಆ ಭಾನುವಾರ ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿಗೆ ಸೇರಿದ್ದೆವು. ಕೆಂಟ್‌ನ ತಾಯಿ ಆರ್ಡಿಸ್ ನನ್ನನ್ನು ಕೈಬೀಸಿ ಕರೆದರು. ವಯಸ್ಸಾದ ಹೆಂಗಸು, ಕಿವಿ ಮಂದ. ಕೈಚೀಲದಿಂದ ಅದೇ ಕಾಗದವನ್ನು ಹುಷಾರಾಗಿ ತೆಗೆದರು.

"ನೋಡೇ ಮಾರ್ಲಿಸ್, ನನ್ನ ಮಗ ಕಳಿಸಿರೋದು. ಎಷ್ಟು ಚೆನ್ನಾಗಿ ಬರೆದಿದಾನೆ! ನಾನು ಹಳೇ ಗಿರಾಕಿ ಅಂತ ಥ್ಯಾಂಕ್ಸ್ ಹೇಳಿದಾನೆ."

ನಾನು ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ, "ಆ ಕಂಬಳಿ ಇನ್ನೂ ಹೊದೀತಿದೀರಾ?"

"ಹೊದೀದೆ ಏನೇ? ಈಗ್ಲೂ ಆನ್ ಮಾಡೇ ಬಂದಿದೀನಿ. ಬೆಕ್ಕು ಮಲಗಿದೆ, ಪಾಪ, ಅದಕ್ಕೂ ಚಳಿ ಅಲ್ವಾ?"

ಸಿಹಿತಿಂಡಿಯ ಮೇಜಿನ ಬಳಿ ನಿಂತಿದ್ದ ಕೆಂಟ್‌ನ ತೋಳು ಹಿಡಿದು ಎಳೆದುಕೊಂಡು ಬಂದೆ.

"ಕಾಗದದಲ್ಲಿ ಏನಿದೆ ಅಂತ ನಿಮ್ಮಮ್ಮನಿಗೆ ಹೇಳಪ್ಪ."

ಅವನು ತುಟಿ ಒರೆಸಿಕೊಂಡ. "ಅಮ್ಮ, ಅದೊಂದು ಮುನ್ನೆಚ್ಚರಿಕೆಯ ಸಂವಹನ..."

"ಏನಂದೆ?"

"ಉಷ್ಣ ಸಂಬಂಧಿ..."

"ಗಟ್ಟಿಯಾಗಿ ಹೇಳೋ! ಬಾಯಲ್ಲಿ ಏನಿಟ್ಕೊಂಡಿದೀಯ?"

"ಘಟನೆ ಅಮ್ಮ, ಘಟನೆ!"

"ಯಾರ ಮನೇಲಿ?"

"ಇವರ ಮನೇಲೇ ಆಗ್ತಿರಬಹುದು," ಅಂದೆ ನಾನು. "ಕಂಬಳಿ ಆನ್ ಮಾಡಿಟ್ಟು ಬಂದಿದಾರೆ ಕಣೋ!"

ಆಗ ಕೆಂಟ್ ಕೂಗಿದ ಕೂಗು ಮೇಲೆ ಪಾದ್ರಿಗಳಿಗೂ ಕೇಳಿಸಿರಬೇಕು.

"ಬೆಂಕಿ ಅಮ್ಮಾ! ಆ ಕಂಬಳಿಗೆ ಬೆಂಕಿ ಹತ್ತುತ್ತೆ! ಮನೆ ಸುಟ್ಟುಹೋಗುತ್ತೆ!"

ಮರುಕ್ಷಣ ಇಡೀ ಹಾಲಿನಲ್ಲಿ ಕುರ್ಚಿಗಳ ಸದ್ದು. ನಮ್ಮ ಜನ ಹೊರಡುತ್ತೇವೆ ಅಂದ ಮೇಲೂ ಬಾಗಿಲಲ್ಲಿ ನಿಂತು ಅರ್ಧ ಗಂಟೆ ಮಾತಾಡುವವರು. ಅಂದು ಯಾರೂ ಯಾರಿಗೂ ಬರ್ತೀನಿ ಅನ್ನಲಿಲ್ಲ. ತುಂಬಿದ ಕಾಫಿ ಲೋಟಗಳನ್ನು ಹಾಗೇ ಬಿಟ್ಟು ತಮ್ಮ ತಮ್ಮ ಕಂಬಳಿಗಳ ಕಡೆಗೆ ಓಡಿದರು. ಎಲ್ಲರಿಗಿಂತ ಮುಂದೆ ಕೆಂಟ್, ಮೈಮೇಲೆ ಕೋಟೂ ಇಲ್ಲದೆ.

ಸೋಮವಾರ ಬೆಳಗ್ಗೆ ಅವನು ಆ ಕಂಬಳಿಯನ್ನು ತಂದು ನನ್ನ ಮೇಜಿನ ಮೇಲೆ ಹರಡಿದ. ನಡುವೆ ಅಂಗೈಯಗಲ ಕರಕಲಾಗಿತ್ತು, ಅಂಚಿಗೆ ಬೆಕ್ಕಿನ ಕೂದಲು ಅಂಟಿಕೊಂಡಿತ್ತು.

"ಬೆಕ್ಕು?" ಅಂದೆ.

"ಸೋಫಾ ಕೆಳಗೆ ಸೇರ್ಕೊಂಡಿತ್ತು. ಬದುಕಿದೆ." ಬೆರಳಿನಿಂದ ಕರಕಲನ್ನು ಮುಟ್ಟಿದ. "ನೀವು ಮೊದಲು ಬರೆದಿದ್ರಲ್ಲ, ಅದನ್ನೇ ಕಳಿಸಿ."

"ಮೇಲಿನವರು?"

"ಅವರ ಹತ್ರ ನಾನು ಮಾತಾಡ್ತೀನಿ."

"ಯಾವ ಭಾಷೇಲಿ?" ಅಂದೆ. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ.

ಅವನು ಪಕ್ಕದ ಮೇಜಿಗೆ ಕುರ್ಚಿ ಎಳೆದುಕೊಂಡ. ಬೇರೆ ಊರುಗಳಿಗೂ ಹಳೆಯ ಕಾಗದ ಹೋಗಿತ್ತು, ಹೊಸದು ತಲುಪುವುದಕ್ಕೆ ದಿನಗಳು ಬೇಕು. ಅಷ್ಟರಲ್ಲಿ ಯಾರ ಮನೆ ಏನಾಗುತ್ತದೋ ಎಂದು ನನಗೆ ಭಯವಾಗಿತ್ತು. ಇಬ್ಬರೂ ಫೋನ್ ಹಿಡಿದು ಕುಳಿತೆವು. ನನ್ನ ಕರೆಗಳ ನಡುವೆ ಪಕ್ಕದ ಮೇಜಿನಿಂದ ಅವನ ದನಿ ಕೇಳಿಸುತ್ತಿತ್ತು.

"ಹೌದಜ್ಜಿ, ಆ ಕಾಗದ ನಂದೇ. ಇಲ್ಲ, ಚೆನ್ನಾಗಿಲ್ಲ, ಅದನ್ನ ಹರಿದು ಬಿಸಾಕಿ. ಬೆಂಕಿ ಅಜ್ಜಿ, ಬೆಂಕಿ. ಈಗ್ಲೇ ಹೋಗಿ ಪ್ಲಗ್ ಕಿತ್ತು ಬನ್ನಿ. ನಿಧಾನಕ್ಕೆ ಹೋಗಿ, ಬೀಳಬೇಡಿ. ನಾನು ಫೋನ್ ಇಡಲ್ಲ."

ಅಜ್ಜಿ ಬರುವವರೆಗೂ ಅವನು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದ.