ಅಪ್ಪಯ್ಯಣ್ಣ ಬಳಿದ ಹಳದಿ ಬೋರ್ಡು

ಸಮೇತನಹಳ್ಳಿಯ ಅಪ್ಪಯ್ಯಣ್ಣನಿಗೆ ಮಗಳೆಂದರೆ ಎಲ್ಲಿಲ್ಲದ ಹೆಮ್ಮೆ. ಸಿಂಚನ ಪಿಕಪ್ ತೆಗೆದಳೆಂದರೆ ಅವನು ಉಣ್ಣುವುದನ್ನೂ ಬಿಟ್ಟು ಬೀದಿಗೆ ಬಂದು ನಿಲ್ಲುತ್ತಿದ್ದ. ಹೊಲದ ಸೊಪ್ಪು ಸಾಗಿಸಲೆಂದು ಕೊಂಡಿದ್ದ, ಬಿಳಿ ಬೋರ್ಡಿನ ಹಳೇ ಗಾಡಿ ಅದು. ಈಗ ಹೊಸಕೋಟೆಯ ಗ್ಯಾರೇಜಿನ ದೇವರಾಜ್, ಹೈವೇಯಲ್ಲಿ ಕೆಟ್ಟು ನಿಂತ ಬೈಕುಗಳನ್ನು ಹೊತ್ತು ತರುವ ಕೆಲಸ ಅವಳಿಗೇ ಕೊಡುತ್ತೇನೆ ಎಂದಿದ್ದ. ಆದರೆ ಗಾಡಿಗೆ ಹಳದಿ ಬೋರ್ಡು ಇರಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ.

"ಅಷ್ಟೇ ತಾನೇ?" ಎಂದ ಅಪ್ಪಯ್ಯಣ್ಣ, ಹೊಸ್ತಿಲಿಗೆ ಬಳಿದು ಮಿಕ್ಕಿದ್ದ ಹಳದಿ ಪೇಂಟು ತಂದು ನಂಬರ್ ಪ್ಲೇಟಿಗೂ ಬಳಿದೇಬಿಟ್ಟ.

ಸಿಂಚನಳ ಮಹಿಳಾ ಸಂಘದ ಗೆಳತಿ ಶಿಲ್ಪ ಹೊಸಕೋಟೆಯ ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸ ಮಾಡುವವಳು. ಪ್ಲೇಟು ನೋಡಿದವಳೇ ನಗು ತಡೆಯಲಾರದೆ ಜಗುಲಿ ಮೇಲೆ ಕೂತುಬಿಟ್ಟಳು.

"ಅಪ್ಪಯ್ಯಣ್ಣ, ಬಣ್ಣ ಬಳಿದ್ರೆ ಆಯ್ತಾ? ಆರ್‌ಸಿನೇ ಬದಲಾಗ್ಬೇಕು. ಪ್ಲೇಟ್‌ಗೆ ನಾವೇ ಬಣ್ಣ ಬಳಿಯೋದೂ ತಪ್ಪು."

"ಎಲ್ಲಾ ನಮ್ ಸುತ್ಮುತ್ತಲೋರೇ ಕಣಮ್ಮ. ಯಾರ್ ಕೇಳ್ತಾರೆ?"

"ನಾಳೆ ಗಾಡಿ ಮೇಲಿಂದ ಬೈಕ್ ಜಾರಿ ಬಿದ್ದು ಯಾರ್ದೋ ಕಾಲ್ ಮುರೀತು ಅಂದ್ಕೊಳ್ಳಿ. ಸ್ವಂತಕ್ಕೆ ಅಂತ ಬರೆಸಿ ಬಾಡಿಗೆಗೆ ಓಡ್ಸಿದ್ರೆ ಇನ್ಶೂರೆನ್ಸ್‌ನೋರು ಕೈ ಎತ್ಬಿಡ್ತಾರೆ. ಆಮೇಲೆ ಕೋರ್ಟಿಗೆ ಅಲೆಯೋಳು ಸಿಂಚನ."

ಅಪ್ಪಯ್ಯಣ್ಣ ಮಗಳ ಮುಖ ನೋಡಿದ. ಅವನಿಗೆ ನಿಜಕ್ಕೂ ಭಯವಾಯಿತು.

"ಏನೇನ್ ಮಾಡಿಸ್ಬೇಕು ಹೇಳು ತಾಯಿ."

"ಆರ್‌ಟಿಓದಲ್ಲಿ ಬಾಡಿಗೆ ಗಾಡಿ ಅಂತ ಬದಲಾಯಿಸ್ಬೇಕು. ಎಫ್‌ಸಿ, ಅಂದ್ರೆ ಗಾಡಿ ಗಟ್ಟಿಯಾಗಿದೆ ಅನ್ನೋ ಸರ್ಟಿಫಿಕೇಟ್ ಬೇಕು. ಬಾಡಿಗೆ ಗಾಡಿ ಇನ್ಶೂರೆನ್ಸ್, ತೆರಿಗೆ, ಹೊಗೆ ಟೆಸ್ಟು ಎಲ್ಲಾ ಆಗ್ಬೇಕು. ಪರ್ಮಿಟ್ ಬೇಕೋ ಬೇಡ್ವೋ ಅನ್ನೋದು ತೂಕದ ಮೇಲಿದೆ, ಅಲ್ಲೇ ಕೇಳಿ. ಸಿಂಚನನ ಕಾರ್ ಲೈಸೆನ್ಸೇ ಈ ಗಾಡಿಗೂ ನಡಿಯುತ್ತೆ."

ದೇವರಾಜ್ ಒಂದು ತಿಂಗಳು ಕಾಯಲು ಒಪ್ಪಿದ. ಅಪ್ಪ ಮಗಳು ಕಚೇರಿಗೆ ನಾಲ್ಕು ಸಲ ಓಡಾಡಿದರು. ಕೊನೆಗೆ ಕಾಯ್ದೆ ಪ್ರಕಾರವೇ ಹೊಸ ಹಳದಿ ಪ್ಲೇಟು ಬಂತು.

ಮೊದಲ ಬಾಡಿಗೆಯ ದಿನ ಅಪ್ಪಯ್ಯಣ್ಣನೂ ಗಾಡಿ ಹತ್ತಿದ. ದಾರಿಯಲ್ಲಿ ಇನ್‌ಸ್ಪೆಕ್ಟರ್ ಕೈ ಅಡ್ಡ ಹಿಡಿದದ್ದೇ ತಡ, ಫೈಲು ಹಿಡಿದು ಇಳಿದ.

"ನೋಡಿ ಸಾರ್, ನನ್ ಮಗಳ ಗಾಡಿ!"

ಅವರು ಎರಡು ಹಾಳೆ ತಿರುವಿ, "ಎಲ್ಲಾ ಸರಿಯಿದೆ, ಹೊರಡಿ" ಎಂದರು.

"ಇನ್ಶೂರೆನ್ಸ್ ನೋಡ್ಲೇ ಇಲ್ವಲ್ಲ ಸಾರ್! ಅದೂ ಐತೆ!"

ಸಿಂಚನ ನಗುತ್ತಾ ಹಾರನ್ ಒತ್ತಿದಳು.

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಪಿಕಪ್ಪೂ ಬಿಡುವಿನಲ್ಲಿ ಬಾಡಿಗೆಗೆ ಹೋಗುತ್ತದೆಯೇ? ಈಗಲೇ ಆರ್‌ಸಿ ತೆಗೆದು ನೋಡಿ. ಸ್ವಂತಕ್ಕೆ ಎಂದಿದ್ದರೆ ನಾಳೆಯೇ ಆರ್‌ಟಿಓ ಕಚೇರಿಗೆ ಹೋಗಿ. ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಿಡಿದರೆ ನೀವೂ ಅಪ್ಪಯ್ಯಣ್ಣನ ಹಾಗೆ ತಲೆಯೆತ್ತಿ ಇಳಿಯಿರಿ.